ಕುಂಕುಮ ಹತ್ತಿದ ಟೇಪು

ಕಂಪ್ಯೂಟರ್ ಕೋಣೆಗೆ ಹೋಗುವ ಮುನ್ನ ಚಪ್ಪಲಿಯನ್ನು ಬಾಗಿಲಾಚೆ ಬಿಡಬೇಕಿತ್ತು. ಧೂಳು ಒಳಗೆ ಬರಬಾರದೆಂಬುದು ಕಾರಣ. ಆದರೂ ಭಾನುವಾರ ಬೆಳಿಗ್ಗೆ, ಸದ್ದಡಗಿದ ಕಾರ್ಖಾನೆಯಲ್ಲಿ ಲೇತುಗಳ ಸಾಲು ದಾಟಿ ಆ ಗಾಜಿನ ಬಾಗಿಲ ಮುಂದೆ ಬರಿಗಾಲಲ್ಲಿ ನಿಂತಾಗೆಲ್ಲ ಗುಡಿಯ ಮುಂದೆ ನಿಂತ ಹಾಗನ್ನಿಸಿ ಒಳಗೊಳಗೇ ರೇಗುತ್ತಿತ್ತು. ಗುಡಿಗೆ ಹೋಗುವುದನ್ನು ನಾನು ಕಾಲೇಜಿನ ದಿನಗಳಲ್ಲೇ ಬಿಟ್ಟಿದ್ದೆ.

ಇದು ಎಂಬತ್ತರ ದಶಕದ ನಡುವಿನ ಮಾತು. ಇಸವಿಯನ್ನು ಖಚಿತವಾಗಿ ಬರೆಯಲು ಹೋಗುವುದಿಲ್ಲ. ನನ್ನ ನೆನಪು ಯಾವುದನ್ನು ತೀರ ಖಚಿತವಾಗಿ ಹೇಳುತ್ತದೋ ಅದನ್ನೇ ಮತ್ತೊಮ್ಮೆ ಪರೀಕ್ಷಿಸಬೇಕೆಂದು ನಾನು ಕಲಿತದ್ದು ಈ ಪ್ರಸಂಗದಲ್ಲೇ. ಇಲ್ಲಿ ಬರುವ ಮಾತುಗಳನ್ನೂ ಜನ ಸುಮಾರಾಗಿ ಹೀಗೆ ಆಡಿದ್ದರು ಎಂದಷ್ಟೇ ಓದುಗರು ತಿಳಿಯಬೇಕು.

ನಾನು ಆಗ ಉಲ್ಲಾಳದ ಕಡೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧನಾ ವಿದ್ಯಾರ್ಥಿ. ನೀಲಗಿರಿ ಮರಗಳ ನಡುವೆ ನಮ್ಮ ವಿಭಾಗ. ಎರಡು ಮೇಜಿನ ಒಂದು ಕೋಣೆ. ಎದುರು ಮೇಜಿನವನು ಬ್ಯಾಂಕ್ ಪರೀಕ್ಷೆ ಪಾಸಾಗಿ ಹೊರಟುಹೋದ ಮೇಲೆ ಆ ಮೇಜಿಗೆ ಯಾರೂ ಬರಲಿಲ್ಲ. ನಾನು ಮಾಡುತ್ತಿದ್ದ ಲೆಕ್ಕಕ್ಕೆ ಬೇಕಾದಷ್ಟು ದೊಡ್ಡ ಕಂಪ್ಯೂಟರ್ ಅಲ್ಲಿರಲಿಲ್ಲ. ಊರಿನ ಇನ್ನೊಂದು ತುದಿಯ ಯಂತ್ರದಲ್ಲಿ ನಮ್ಮಂಥವರ ಸರದಿ ಬರುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು. ನನ್ನ ಮಾರ್ಗದರ್ಶಕರಾಗಿದ್ದ ಪ್ರೊಫೆಸರರ ಹಳೆಯ ಸಹಪಾಠಿಯೊಬ್ಬರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದರು. ಆ ಕಾರ್ಖಾನೆಯ ಕಂಪ್ಯೂಟರು ವಾರವೆಲ್ಲ ಕೆಲಸಗಾರರ ಸಂಬಳ, ಉಗ್ರಾಣದ ಲೆಕ್ಕ ನೋಡುತ್ತಿತ್ತು. ಭಾನುವಾರ ಖಾಲಿ. ಆ ಭಾನುವಾರಗಳನ್ನು ನನಗೆ ಬಿಟ್ಟುಕೊಟ್ಟರು.

ನಾನಿದ್ದ ಬಾಡಿಗೆ ಕೋಣೆಯೂ ರಾಜಾಜಿನಗರದಲ್ಲೇ, ಒಂದು ಮನೆಯ ಮಹಡಿಯ ಮೇಲೆ. ಅಲ್ಲಿಂದ ಎಸ್ಟೇಟಿಗೆ ನಡೆದೇ ಹೋಗುತ್ತಿದ್ದೆ. ಮನೆ ಒಡತಿ ಗೇಟಿನಲ್ಲಿ ರಂಗೋಲಿ ಹಾಕುತ್ತಾ, "ಭಾನ್ವಾರನೂ ಡ್ಯೂಟಿನಾ?" ಎಂದು ಕೇಳುತ್ತಿದ್ದರು. ಹೂಂ ಅನ್ನುತ್ತಿದ್ದೆ. ಕೆಲವು ಭಾನುವಾರ ನಾನು ಆಡಿದ ಒಟ್ಟು ಮಾತಿನಲ್ಲಿ ಕಾಲುಭಾಗ ಆ ಹೂಂಕಾರವೇ.

ಉಳಿದ ಮಾತೆಲ್ಲ ಆಪರೇಟರ್ ಜೊತೆ. ಯಂತ್ರವನ್ನು ಚಾಲೂ ಮಾಡಲು, ಟೇಪು ಹಾಕಲು, ಕಾಗದ ತುಂಬಲು ಕಾರ್ಖಾನೆಯ ಒಬ್ಬರು ಇರಲೇಬೇಕು ಎಂಬ ನಿಯಮವಿತ್ತು. ಕಾಮಾಕ್ಷಿಪಾಳ್ಯದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನನ್ನನ್ನು ಸೈಂಟಿಸ್ಟ್ ಸಾರ್ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂಬುದನ್ನು ನಾನು ಬಿಡಿಸಿ ನೋಡಲು ಹೋಗಲಿಲ್ಲ.

ನನ್ನ ಕೆಲಸ ಇದು. ಅಣುವಿನ ಮೇಲೆ ಬೆಳಕು ಬಿದ್ದರೆ ಅದರ ಎಲೆಕ್ಟ್ರಾನುಗಳು ಬೆಳಕಿನ ಲಯಕ್ಕೆ ತೂಗಾಡುತ್ತವೆ. ಬೆಳಕು ಮಂದವಾಗಿದ್ದರೆ ತೂಗಾಟವೂ ಅದರ ಅಳತೆಯಲ್ಲೇ ಇರುತ್ತದೆ. ಲೇಸರಿನಂಥ ತೀವ್ರ ಬೆಳಕು ಬಿದ್ದಾಗ ಕೆಲವು ಅಣುಗಳು ಅಳತೆ ಮೀರುತ್ತವೆ: ಒಂದು ಕಡೆಗೆ ಸಲೀಸಾಗಿ ವಾಲುತ್ತವೆ, ಇನ್ನೊಂದು ಕಡೆಗೆ ವಾಲಲು ಹಿಂಜರಿಯುತ್ತವೆ. ಆ ಓರೆಯಿಂದಾಗಿ, ಒಳಹೋದ ಬೆಳಕಿನ ಎರಡರಷ್ಟು ಕಂಪನದ ಬೆಳಕು ಹೊರಗೆ ಬರುತ್ತದೆ. ಕಣ್ಣಿಗೆ ಕಾಣದ ಕಿರಣ ಹೋಗಿ ಹಸಿರು ಬರುತ್ತದೆ. ಎಷ್ಟು ಹಸಿರು ಬಂದೀತು ಎಂಬುದನ್ನು ಅಣುವನ್ನು ಮುಟ್ಟದೆ, ಕ್ವಾಂಟಂ ಸಿದ್ಧಾಂತದ ಲೆಕ್ಕದಿಂದಲೇ ಹೇಳಬೇಕು.

ಆಗ ರೂಢಿಯಲ್ಲಿದ್ದ ದಾರಿಯೆಂದರೆ ಅಣುವಿನ ಸ್ಥಿತಿಗಳನ್ನು ಒಂದೊಂದಾಗಿ ಹುಡುಕುವುದು. ವಿಶ್ರಾಂತಿಯಲ್ಲಿರುವ ತಳಸ್ಥಿತಿ ಒಂದು. ಅದರ ಮೇಲೆ ಉತ್ತೇಜಿತ ಸ್ಥಿತಿಗಳು ಅನೇಕ. ತಳಸ್ಥಿತಿಯಿಂದ ಪ್ರತಿಯೊಂದು ಉತ್ತೇಜಿತ ಸ್ಥಿತಿಗೆ ಬೆಳಕು ಅಣುವನ್ನು ಎಷ್ಟು ಬಲವಾಗಿ ಏರಿಸಬಲ್ಲದು ಎಂಬ ಸಂಖ್ಯೆಗಳದ್ದು ಮೊದಲ ಪಟ್ಟಿ. ಒಂದು ಉತ್ತೇಜಿತ ಸ್ಥಿತಿಯಿಂದ ಇನ್ನೊಂದಕ್ಕೆ ಎಷ್ಟು ಎಂಬುದು ಎರಡನೇ ಪಟ್ಟಿ. ಎರಡೂ ಪಟ್ಟಿಯ ಸಂಖ್ಯೆಗಳನ್ನು ಗುಣಿಸಿ, ಶಕ್ತಿಗಳಿಂದ ಭಾಗಿಸಿ, ಎಲ್ಲವನ್ನೂ ಕೂಡಿದರೆ ಉತ್ತರ.

ಚಿಕ್ಕ ಅಣುಗಳಿಗೆ ಇದನ್ನೆಲ್ಲ ಮಾಡಿ ಮುಗಿಸಿದ್ದೆ. ಪ್ರಬಂಧದ ಮುಖ್ಯ ಅಧ್ಯಾಯಕ್ಕೆ ಒಂದು ದೊಡ್ಡ ಅಣು ಉಳಿದಿತ್ತು. ಬೇರೆ ಊರಿನ ಪ್ರಯೋಗಾಲಯದವರು ಅದರ ಮೌಲ್ಯವನ್ನು ಅಳೆದು ಪ್ರೊಫೆಸರಿಗೆ ಕಳಿಸಿದ್ದರು. ನನ್ನ ಲೆಕ್ಕವನ್ನು ಅದರೊಂದಿಗೆ ಹೋಲಿಸಿ ನೋಡಬೇಕಿತ್ತು. ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಈ ಅಧ್ಯಾಯ ಆದರೆ ಡಾಕ್ಟರೇಟ್, ಆಗದಿದ್ದರೆ ನಾನೂ ಬ್ಯಾಂಕ್ ಪರೀಕ್ಷೆಯ ಪುಸ್ತಕ ಕೊಳ್ಳಬೇಕು. ಇಷ್ಟು ಸರಳವಾಗಿತ್ತು ವಿಷಯ.

ದೊಡ್ಡ ಅಣುವಿನ ಲೆಕ್ಕ ಒಂದು ಭಾನುವಾರದಲ್ಲಿ ಮುಗಿಯುವಂಥದ್ದಲ್ಲ. ದಸರೆಯಲ್ಲಿ ಆಯುಧಪೂಜೆಯ ಮಧ್ಯಾಹ್ನದಿಂದ ಕಾರ್ಖಾನೆಗೆ ರಜೆ ಎಂದು ತಿಳಿದಾಗ ನನಗೆ ಹಬ್ಬವೇ ಬಂದ ಹಾಗಾಯಿತು. ಯಂತ್ರ ದಿನಗಟ್ಟಲೆ ನನ್ನ ಪಾಲಿಗೆ! ಮ್ಯಾನೇಜರರನ್ನು ಕೇಳಿದೆ, ಅವರು ಬೇರೇನೋ ಗಡಿಬಿಡಿಯಲ್ಲಿ ಆಗಲಿ ಎಂದರು. ಪೂಜೆಯ ದಿನ ಬೆಳಿಗ್ಗೆಯೇ ಹೋಗಿ ಕೆಲಸ ಹಚ್ಚಿಸಿದೆ. ಮೊದಲ ಪಟ್ಟಿ ಮುಗಿದು ಟೇಪಿಗೆ ಬರೆದಾಯಿತು. ಎರಡನೆಯದು ಶುರುವಾಗಿತ್ತು. ಆಗ ಆಪರೇಟರ್ ಬಿಳಿ ಪಂಚೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ಒಳಗೆ ಬಂದರು.

"ಸಾರ್, ಆಫ್ ಮಾಡ್ಬೇಕು."

"ಯಾಕೆ? ರಜೆ ಅಲ್ವಾ ಅಣ್ಣ?"

"ರಜೆ ಅಂತಾನೇ ಆಫು. ಮಿಷನ್‌ಗೂ ರಜೆ. ಪುರೋಹಿತ್ರು ಲೇತ್ ಸೆಕ್ಷನ್ ಮುಗ್ಸಿ ಈ ಕಡೆ ಬರ್ತಾವ್ರೆ."

"ಪೂಜೆ ಮಾಡ್ಲಿ ಬಿಡಿ. ಅದರ ಪಾಡಿಗೆ ಅದು ಓಡ್ತಾ ಇರ್ಲಿ. ಯಾರಿಗೇನು ತೊಂದ್ರೆ?"

"ಓಡೋ ಮಿಷನ್‌ಗೆ ಯಾರಾದ್ರೂ ಪೂಜೆ ಮಾಡ್ತಾರಾ? ನೀವು ರೋಡಲ್ಲಿ ಓಡ್ತಿರ್ತೀರ, ಹಿಂದಿಂದ ಒಬ್ಬ ಆರತಿ ತಟ್ಟೆ ಹಿಡ್ಕೊಂಡು ಓಡಿ ಬರ್ತಾನೆ. ಹೆಂಗಿರುತ್ತೆ ಹೇಳಿ."

"ಸರಿ, ಪೂಜೆ ಆದ ಮೇಲೆ ಆನ್ ಮಾಡ್ತೀರಾ?"

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಯಾವೂರು ಸಾರ್ ನಿಮ್ದು? ವಿಜಯದಶಮಿ ಕಳೀಬೇಕು. ಅಲ್ಲೀವರ್ಗೂ ಇಲ್ಲಿ ಸ್ಕ್ರೂಡ್ರೈವರ್ ಕೂಡ ಮುಟ್ಟಲ್ಲ ನಾವು."

ನನ್ನದು ತುಮಕೂರು. ನಮ್ಮಪ್ಪ ಮೇಷ್ಟರು. ನಮ್ಮ ಮನೆಯಲ್ಲಿ ಆಯುಧ ಎಂದು ಇದ್ದದ್ದು ಒಂದು ಸೈಕಲ್ಲು ಮತ್ತು ಈಳಿಗೆಮಣೆ. ಯಂತ್ರಗಳ ರಜೆ ನನಗೆ ಹೇಗೆ ಗೊತ್ತಿರಬೇಕು? ವಾದಿಸಿ ಪ್ರಯೋಜನವಿರಲಿಲ್ಲ. ಕೆಲಸ ನಿಂತಿತು. ಯಂತ್ರದ ಗುಂಯ್‌ಗುಡುವಿಕೆ ಇಳಿಯುತ್ತಾ ಹೋಗಿ ಕೋಣೆ ಸ್ತಬ್ಧವಾಯಿತು. ಕಂಪ್ಯೂಟರಿನ ಕಪಾಟಿಗೆ, ಪ್ರಿಂಟರಿಗೆ ಹೂವಿನ ಹಾರ ಬಿತ್ತು. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಆಪರೇಟರ್ ಮೇಜಿನ ಮೇಲಿದ್ದ ಟೇಪುಗಳ ಕಡೆ ತಿರುಗಿದಾಗ ನಾನು ಅಡ್ಡ ನಿಂತೆ.

"ಅದಕ್ಕೆ ಬೇಡ ಅಣ್ಣ, ಟೇಪು ಹಾಳಾಗುತ್ತೆ."

"ಪ್ಲಾಸ್ಟಿಕ್ ಮೇಲೆ ಸಾರ್, ಟೇಪಿಗಲ್ಲ. ಇವೂ ಆಯುಧಾನೇ ತಾನೆ?" ಎಂದು ಪ್ರತಿಯೊಂದು ಸುರುಳಿಯ ನಡುವೆ ಉಂಗುರದ ಬೆರಳಿನಿಂದ ಒತ್ತಿದರು. ಕೈಯಲ್ಲಿದ್ದ ಎಣ್ಣೆಗೆ ಕುಂಕುಮ ಕಲೆತು ಗಟ್ಟಿಯಾಗಿ ಅಂಟಿಕೊಂಡಿತು.

ಹಬ್ಬದ ಆ ದಿನಗಳನ್ನು ನಾನು ಕೋಣೆಯಲ್ಲೇ ಕಳೆದೆ. ರಸ್ತೆಯಲ್ಲಿ ಬಾಳೆಕಂದು ಕಟ್ಟಿಕೊಂಡ ಆಟೋಗಳು, ಲಾರಿಗಳು. ಕೆಳಗಿನ ಮನೆಯಲ್ಲಿ ಗೊಂಬೆ ನೋಡಲು ಬಂದ ಹೆಂಗಸರ ನಗು. ಒಡತಿ ಪುರಿ, ಕಡಲೆ, ಬೆಲ್ಲ ಕಳಿಸಿದ್ದರು. ಮಂಚದ ಮೇಲೆ ಕೂತು ತಿಂದೆ.

ರಜೆ ಕಳೆದ ಮೇಲಿನ ಭಾನುವಾರ ಹೋದರೆ ಇನ್ನೊಂದು ಪೆಟ್ಟು. ದೀಪಾವಳಿ ಬೋನಸ್ಸಿನ ಲೆಕ್ಕಕ್ಕೆ ಜಾಗ ಬೇಕೆಂದು ಡಿಸ್ಕನ್ನು ಅಳಿಸಿದ್ದರು. ನಾನು ಲೆಕ್ಕ ಹಾಕಿಟ್ಟಿದ್ದ ಸ್ಥಿತಿಗಳೆಲ್ಲ ಹೋಗಿದ್ದವು. ಮತ್ತೆ ಶುರುಮಾಡಿದೆವು. ಎರಡು ಭಾನುವಾರಗಳ ನಂತರ ಸಾಲು ಸಾಲು ಹಸಿರು ಪಟ್ಟೆಯ ಕಾಗದದ ಕೊನೆಯಲ್ಲಿ ಒಂದು ಸಂಖ್ಯೆ ಬಂತು. ಪ್ರಯೋಗದವರ ಅಳತೆಯ ಪಕ್ಕದಲ್ಲಿ ಇಟ್ಟು ನೋಡಿದೆ. ಎರಡೂ ಹೆಚ್ಚುಕಡಿಮೆ ಒಂದೇ.

"ಬಂತಾ ಸಾರ್?" ಆಪರೇಟರ್ ಕೇಳಿದರು.

"ಬಂತು."

"ಪೂಜೆ ಫಲ ನೋಡಿ! ಅವತ್ತು ನನ್ ಮೇಲೆ ಎಗರಾಡ್ತಿದ್ರಿ."

ಅಂದು ಇಬ್ಬರೂ ಎಸ್ಟೇಟಿನ ಹೊರಗಿನ ಹೋಟೆಲಿನಲ್ಲಿ ಮಸಾಲೆದೋಸೆ ತಿಂದೆವು. ಮರುದಿನ ಪ್ರೊಫೆಸರ್ ಕಾಗದವನ್ನು ಬಹಳ ಹೊತ್ತು ನೋಡಿ, "ಇದನ್ನ ಡಿಸೆಂಬರ್ ಸಿಂಪೋಸಿಯಂನಲ್ಲಿ ತೋರಿಸೋಣ ಕಣಯ್ಯ" ಎಂದರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ತಮ್ಮ ಕೈಯಾರೆ ಪಾರದರ್ಶಕ ಹಾಳೆಯ ಮೇಲೆ ನನ್ನ ಲೆಕ್ಕದ ಗೆರೆಯನ್ನು ನೀಲಿಯಲ್ಲಿ, ಅಳತೆಯ ಚುಕ್ಕೆಯನ್ನು ಕೆಂಪಿನಲ್ಲಿ ಬರೆದರು. ಚುಕ್ಕೆ ಸರಿಯಾಗಿ ಗೆರೆಯ ಮೇಲೆ ಕೂತಿತು.

ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಚಿಕ್ಕ ಅಣುಗಳಲ್ಲಿ ಎಂದೂ ಇಷ್ಟು ಚೆನ್ನಾಗಿ ಹೊಂದಿರಲಿಲ್ಲ. ನನ್ನ ಮಾದರಿ ಒರಟು. ಅಣುವಿನ ಸುತ್ತಲ ದ್ರಾವಣವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂಥದ್ದು ದೊಡ್ಡ ಅಣುವಿನಲ್ಲಿ ಏಕಾಏಕಿ ಇಷ್ಟು ನಿಖರವಾಗಲು ಕಾರಣವೇನು? ವಿಭಾಗದಲ್ಲಿ ಇದನ್ನು ಕೇಳಲು ಯಾರೂ ಇರಲಿಲ್ಲ. ಎದುರು ಮೇಜಿನವನಿದ್ದಿದ್ದರೆ, "ಸುಮ್ನಿರು ಗುರು, ಬಂದಿದ್ದನ್ನ ತಗೋ" ಅನ್ನುತ್ತಿದ್ದ. ಹಾಗೆ ಅನ್ನುವವರೂ ಒಬ್ಬರು ಬೇಕಾಗುತ್ತದೆ.

ಒಂದು ಅಡ್ಡದಾರಿಯ ಪರೀಕ್ಷೆಯಿತ್ತು. ಬೆಳಕಿನ ಬದಲು ಅಲುಗಾಡದ ವಿದ್ಯುತ್ ಕ್ಷೇತ್ರವನ್ನು ಅಣುವಿಗೆ ಕೊಡುವುದು. ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ. ಪ್ರತಿ ಸಲ ತಳಸ್ಥಿತಿ ಎಷ್ಟು ವಾಲಿತೆಂದು ನೋಡಿದರೆ ಅದರ ಓರೆ ತಿಳಿಯುತ್ತದೆ. ಇದಕ್ಕೆ ಉತ್ತೇಜಿತ ಸ್ಥಿತಿಗಳೂ ಬೇಡ, ಪಟ್ಟಿಗಳೂ ಬೇಡ. ಕಂಪನ ಸೊನ್ನೆಯಾದಾಗ ನನ್ನ ಪಟ್ಟಿಯ ಲೆಕ್ಕವೂ ಇದರ ಹತ್ತಿರಕ್ಕೆ ಬರಬೇಕು. ಚಿಕ್ಕ ಅಣುಗಳಲ್ಲಿ ಬಂತು. ದೊಡ್ಡದರಲ್ಲಿ ಬರಲಿಲ್ಲ. ಬಹಳ ದೂರವಿತ್ತು.

ಹಾಗಾದರೆ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಇದ್ದಿದ್ದರೆ ಚಿಕ್ಕದರಲ್ಲೂ ತೋರಬೇಕಿತ್ತು. ದೊಡ್ಡದಕ್ಕೆ ಮಾತ್ರ ನಾನು ಮಾಡಿದ್ದು ಏನು? ಬಸ್ಸಿನಲ್ಲಿ, ಊಟದಲ್ಲಿ, ಮಂಚದಲ್ಲಿ ಅದೇ ಪ್ರಶ್ನೆ. ಲೆಕ್ಕ ಹಬ್ಬದಲ್ಲಿ ಮುರಿದುಬಿದ್ದದ್ದು ನೆನಪಿಗೆ ಬರುತ್ತಿತ್ತು. ಆದರೆ ಹಬ್ಬದ ನಂತರ ನಾವು ಎಲ್ಲವನ್ನೂ ಮೊದಲಿನಿಂದ ಮಾಡಿದ್ದೆವಲ್ಲ? ಅದು ನನಗೆ ಸ್ಪಷ್ಟವಾಗಿ ನೆನಪಿತ್ತು. ಮೊದಲ ಪಟ್ಟಿ ಮತ್ತೆ ಅಚ್ಚಾಗುವಾಗ ಆಪರೇಟರ್ ಪ್ರಸಾದದ ಪುರಿ ಮೆಲ್ಲುತ್ತಾ ನಿಂತಿದ್ದ ದೃಶ್ಯ ಕಣ್ಣ ಮುಂದೆಯೇ ಇತ್ತು.

ಮುಂದಿನ ಭಾನುವಾರ ಅವರನ್ನು ಕೇಳಿದೆ. "ಹಬ್ಬ ಆದ್ಮೇಲೆ ಎಲ್ಲಾ ಮೊದ್ಲಿಂದ ಓಡಿಸಿದ್ವಿ ಅಲ್ವಾ ಅಣ್ಣ?"

"ನಂಗೆ ಗ್ಯಾಪ್ಕ ಇಲ್ಲ ಸಾರ್. ನೀವು ಹಾಕು ಅಂದಿದ್ದು ಹಾಕ್ದೆ. ಬೋನಸ್ ಗಲಾಟೇಲಿ ನನ್ ಹೆಸ್ರೇ ಮರ್ತೋಗಿತ್ತು."

"ನೀವು ಪುರಿ ತಿಂತಾ ಇದ್ರಿ. ನನಗೆ ಚೆನ್ನಾಗಿ ನೆನಪಿದೆ."

"ಪುರಿನಾ? ನಂಗೆ ಪುರಿ ಆಗಲ್ಲ ಸಾರ್, ಹಲ್ಲು ಸಂದೀಲಿ ಸಿಕ್ಕಾಕಂತದೆ." ಅವರು ನಕ್ಕರು.

ನಾನು ನಗಲಿಲ್ಲ. ಪುರಿ ತಿಂದವನು ನಾನು, ನನ್ನ ಕೋಣೆಯಲ್ಲಿ. ಮೊದಲ ಪಟ್ಟಿಯ ಟೇಪನ್ನು ಕಪಾಟಿನಿಂದ ತೆಗೆದೆ. ಪ್ರತಿ ವಾರ ಉತ್ತರ ಕೂಡುವಾಗ ಆಪರೇಟರ್ ಹಾಕುತ್ತಿದ್ದದ್ದು ಇದೇ ಟೇಪು. ಸುರುಳಿಯನ್ನು ಡಬ್ಬಿಯಿಂದ ಹೊರಗೆಳೆದಾಗ ಬೆರಳಿಗೆ ಜಿಡ್ಡು ಜಿಡ್ಡಾಗಿ ಕೆಂಪು ಹತ್ತಿತು. ನಡುವೆ ಉಂಗುರಬೆರಳಿನ ಅಚ್ಚು ಹಾಗೇ ಇತ್ತು.

ಎರಡನೇ ಪಟ್ಟಿಯ ಟೇಪು ತೆಗೆದೆ. ಸ್ವಚ್ಛವಾಗಿತ್ತು.

ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಪ್ರತಿ ಹೊಸ ಓಟಕ್ಕೂ ಹೊಸ ಸುರುಳಿ ಹಾಕುವುದು ನಮ್ಮ ರೂಢಿ; ಹಾಗಾಗಿ ಈ ಮೊದಲ ಪಟ್ಟಿ ಪೂಜೆಗೆ ಮುಂಚಿನದು. ಹಬ್ಬದ ನಂತರ ಸ್ಥಿತಿಗಳನ್ನು ಮಾತ್ರ ಹೊಸದಾಗಿ ಹುಡುಕಿ ಎರಡನೇ ಪಟ್ಟಿಯನ್ನಷ್ಟೇ ಮಾಡಿದ್ದೆವು. ಸಮಯ ಉಳಿಸಲು ನಾನೇ ಹಾಗೆ ಹೇಳಿರಬೇಕು. ಅದೇ ಅಣು, ಅವೇ ಸ್ಥಿತಿಗಳು, ಮೊದಲ ಪಟ್ಟಿ ಮತ್ತೆ ಯಾಕೆ? ಹಾಗೆ ಹೇಳಿದ್ದು ಇಂದಿಗೂ ನನಗೆ ನೆನಪಿಲ್ಲ. ಹೇಳದಿರಲು ಸಾಧ್ಯವಿಲ್ಲ ಎಂದು ತರ್ಕದಿಂದ ಬಲ್ಲೆ.

ಅದರಿಂದ ಆಗುವ ಹಾನಿಯನ್ನು ಹೀಗೆ ಹೇಳಬಹುದು. ವಿಜಯನಗರದ ಮಾರ್ಕೆಟ್ಟಿನಲ್ಲಿ ಇಬ್ಬರು ಎದುರುಬದುರು ನಿಂತಿದ್ದಾರೆ. ಒಬ್ಬನ ಎಡ ಇನ್ನೊಬ್ಬನ ಬಲ. ಇಬ್ಬರಲ್ಲಿ ಯಾರನ್ನೇ ಕೇಳಿ, ಕಡೆಯವರೆಗೂ ಅವನೊಬ್ಬನ ಮಾತನ್ನೇ ಹಿಡಿದರೆ ಮನೆ ಸೇರುತ್ತೀರಿ. ಅರ್ಧ ದಾರಿ ಒಬ್ಬನ ಮಾತು, ಉಳಿದರ್ಧ ಇನ್ನೊಬ್ಬನ ಮಾತು ಕೇಳಿದರೆ ಮನೆ ಸಿಗುವುದಿಲ್ಲ. ಕ್ವಾಂಟಂ ಸ್ಥಿತಿಯೂ ಒಂದು ಅಲೆ. ಅದರ ಉಬ್ಬನ್ನು ಧನ ಎನ್ನಿ, ಋಣ ಎನ್ನಿ, ಸ್ಥಿತಿ ಬದಲಾಗುವುದಿಲ್ಲ. ಕಂಪ್ಯೂಟರ್ ಪ್ರತಿ ಸಲ ಹುಡುಕುವಾಗಲೂ ಯಾವ ಚಿಹ್ನೆ ಬರುತ್ತದೆ ಎಂಬುದು ಅದು ಎಲ್ಲಿಂದ ಹುಡುಕಲು ಹೊರಟಿತು ಎನ್ನುವುದರ ಮೇಲೆ ನಿಂತಿರುತ್ತದೆ. ನನ್ನ ಪ್ರೋಗ್ರಾಮು ಆ ಆರಂಭವನ್ನು ಯಂತ್ರದ ಗಡಿಯಾರದಿಂದ ಎತ್ತಿಕೊಳ್ಳುತ್ತಿತ್ತು, ಹಾಗಾಗಿ ಪ್ರತಿ ಓಟಕ್ಕೂ ಅದು ಬೇರೆ. ಪೂಜೆಯ ಹಿಂದಿನ ಸ್ಥಿತಿಗಳ ಚಿಹ್ನೆ ಒಂದು ಬಗೆ, ನಂತರದವುಗಳದ್ದು ಇನ್ನೊಂದು. ಎರಡನ್ನೂ ಗುಣಿಸಿ ಕೂಡಿದ್ದೆ. ಕಳೆಯಬೇಕಾದ ಕೆಲವು ಪದಗಳು ಕೂಡಿಕೊಂಡಿದ್ದವು. ಹಾಗೆ ಉಬ್ಬಿದ ಮೊತ್ತ ಪ್ರಯೋಗದ ಅಳತೆಯ ಮೇಲೆ ಹೋಗಿ ಕೂತಿತ್ತು.

ಅಂದೇ ಮೊದಲ ಪಟ್ಟಿಯನ್ನು ಹೊಸದಾಗಿ ಹಚ್ಚಿಸಿದೆ. ಈ ಸಲ ಪ್ರತಿ ಸ್ಥಿತಿಯ ಅತಿ ದೊಡ್ಡ ಅಂಶ ಧನವಾಗಿಯೇ ಇರಬೇಕು ಎಂಬ ಕಟ್ಟಳೆ ಸೇರಿಸಿ, ಎರಡನೆಯದನ್ನೂ ಅದರ ಹಿಂದೆಯೇ, ಮುಂದಿನ ಭಾನುವಾರದ ಹೊತ್ತಿಗೆ, ಮಾಡಿ ಮುಗಿಸಿದೆ. ಸಂಖ್ಯೆಗಳ ಗಾತ್ರ ಅದೇ. ಕೆಲವುಗಳ ಮುಂದೆ ಮಾತ್ರ ಋಣಚಿಹ್ನೆ. ಮೊತ್ತ ಅಳತೆಯ ಅರ್ಧದ ಆಸುಪಾಸಿಗೆ ಕುಸಿಯಿತು.

ಸಿಂಪೋಸಿಯಂಗೆ ಹೆಚ್ಚು ದಿನ ಉಳಿದಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬನಿಗೆ. ಸುಮ್ಮನಿದ್ದಿದ್ದರೆ ಬಹುಶಃ ಯಾರೂ ಕೇಳುತ್ತಿರಲಿಲ್ಲ, ಮಾರ್ಚಿಗೆ ಪ್ರಬಂಧವೂ ಮುಗಿಯುತ್ತಿತ್ತು. ಆ ಯೋಚನೆ ಬರಲಿಲ್ಲ ಎಂದು ಬರೆದರೆ ಸುಳ್ಳಾದೀತು. ಸೋಮವಾರ ಬಸ್ಸಿಳಿದು ನೀಲಗಿರಿ ಮರಗಳ ದಾರಿಯಲ್ಲಿ ನಡೆಯುವಾಗ ಜೇಬಿನೊಳಗಿನ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದೆ. ಸೋಪು ಹಾಕಿ ತೊಳೆದಿದ್ದೆ. ಆದರೂ ಜಿಡ್ಡು ಇದೆ ಅನ್ನಿಸುತ್ತಿತ್ತು.

ಪ್ರೊಫೆಸರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾ ಟರ್ಮ್‌ಗಳ ಸೈನೂ ತಪ್ಪಿದೆಯಾ?"

"ಇಲ್ಲ ಸರ್. ಎರಡು ಬೇರೆ ಬೇರೆ ಸ್ಥಿತಿ ಬರೋ ಕಡೆ, ಅದರಲ್ಲೂ ಕೆಲವು."

"ಸರಿ ಮಾಡಿದ್ರೆ?"

"ಅರ್ಧದ ಹತ್ತಿರ ಬರುತ್ತೆ."

"ಎಷ್ಟು ಸ್ಟೇಟ್ಸ್ ತಗೊಂಡಿದೀಯ?"

ಹೇಳಿದೆ.

"ಇನ್ನೂ ಜಾಸ್ತಿ ತಗೊಂಡ್ರೆ?"

"ಬದಲಾಗುತ್ತೆ ಸರ್. ಎಲ್ಲಿ ನಿಲ್ಲುತ್ತೆ ಗೊತ್ತಿಲ್ಲ."

"ಹಾಗಾದ್ರೆ ನಿನ್ನ ಹಳೇ ನಂಬರ್ ನಂಬಬಾರದು ಸರಿ. ಹೊಸದನ್ನ ಯಾಕಯ್ಯ ನಂಬಲಿ?"

ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಸುಲಭವಿತ್ತು. ಹತ್ತಿಗೆ ಸ್ಪಿರಿಟ್ ಹಾಕಿ ಪಾರದರ್ಶಕ ಹಾಳೆಯ ನೀಲಿ ಗೆರೆಯನ್ನು ಒಂದು ಕಡೆಯಿಂದ ಒರೆಸುತ್ತಾ ಬಂದರು. ಕೆಂಪು ಚುಕ್ಕೆ ಹಾಳೆಯ ನಡುವೆ ಒಂಟಿಯಾಗಿ ಉಳಿಯಿತು.

"ಇದನ್ನ ಬಿಟ್ಟು ಚಿಕ್ಕ ಮಾಲಿಕ್ಯೂಲ್ ಬಗ್ಗೆ ಮಾತಾಡ್ತೀನಿ," ಎಂದರು. "ನೀನೂ ಬೇಕಾದ್ರೆ ಈ ಅಧ್ಯಾಯ ಬಿಟ್ಟು ಬರೆದು ಮುಗಿಸು. ಥೀಸಿಸ್ ಬಡವಾಗುತ್ತೆ, ಅಷ್ಟೇ. ಕೆಲಸ ಹುಡುಕಿಕೊಳ್ಳಬಹುದು. ಯೋಚ್ನೆ ಮಾಡು."

ಯೋಚನೆ ಮಾಡಿದ್ದು ಎಲ್ಲಿ ಎಂದು ನೆನಪು ಎರಡು ಬಗೆಯಾಗಿ ಹೇಳುತ್ತದೆ. ಒಮ್ಮೆ ಮಾಗಡಿ ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸಿನಲ್ಲಿ, ಒಮ್ಮೆ ಕೋಣೆಯ ಮುಂದಿನ ಬಿಸಿಲುಮಚ್ಚಿನಲ್ಲಿ ಬಟ್ಟೆ ಒಣಹಾಕುವಾಗ. ಯಾವುದಾದರೂ ಆಗಲಿ. ಹೊಳೆದದ್ದು ಇಷ್ಟು: ನನ್ನ ಕಷ್ಟವೆಲ್ಲ ಸ್ಥಿತಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯಲು ಹೋಗಿದ್ದರಿಂದ. ಎಷ್ಟು ಜನರನ್ನು ಕರೆದರೆ ಸಾಕು, ಯಾರು ಯಾವ ಕಡೆ ಮುಖಮಾಡಿ ನಿಂತಿದ್ದಾರೆ ಎಂಬ ತೊಂದರೆಗಳೆಲ್ಲ ಅಲ್ಲಿಂದಲೇ. ಬೆಳಕು ತಟ್ಟಿದಾಗ ತಳಸ್ಥಿತಿಯ ಅಲೆ ಒಟ್ಟಾರೆಯಾಗಿ ಎಷ್ಟು ಕದಲುತ್ತದೆ ಎಂಬುದನ್ನು ನೇರವಾಗಿ ಒಂದು ಸಮೀಕರಣವಾಗಿ ಬರೆದು ಬಿಡಿಸಿದರೆ? ಎಲ್ಲ ಸ್ಥಿತಿಗಳ ಪಾಲೂ ಆ ಕದಲಿಕೆಯೊಳಗೇ ಇರುತ್ತದೆ, ಕರೆಯದೆಯೇ. ಹುಡುಕಬೇಕಾದದ್ದು ತಳಸ್ಥಿತಿ ಒಂದನ್ನೇ. ಅದರ ಚಿಹ್ನೆ ತಿರುಗಿದರೂ ಲೆಕ್ಕದಲ್ಲಿ ಅದು ಎರಡು ಸಲ ಬರುವುದರಿಂದ ಉತ್ತರ ಕದಲುವುದಿಲ್ಲ.

ಅಧ್ಯಾಯ ಬಿಡುವುದಿಲ್ಲ, ಪಟ್ಟಿಗಳನ್ನು ಬಿಡುತ್ತೇನೆ ಎಂದು ಪ್ರೊಫೆಸರಿಗೆ ಹೇಳಿದೆ. "ಮಾರ್ಚಿಗೆ ಆಗಲ್ಲವಲ್ಲ," ಎಂದರು. ಆಗುವುದಿಲ್ಲ ಎಂದೆ. ಅವರು ತಲೆಯಾಡಿಸಿ ಕನ್ನಡಕ ಹಾಕಿಕೊಂಡರು.

ಸಮೀಕರಣವನ್ನು ಕಾಗದದ ಮೇಲೆ ಬರೆಯುವುದು ಸುಲಭ. ಲಕ್ಷಾಂತರ ಅಜ್ಞಾತಗಳಿರುವ ಅದನ್ನು ಸಂಬಳದ ಲೆಕ್ಕ ನೋಡುವ ಯಂತ್ರದಲ್ಲಿ ಬಿಡಿಸುವುದು ಬೇರೆ. ಒಂದು ಊಹೆಯಿಂದ ಹೊರಟು, ತಿದ್ದಿ ತಿದ್ದಿ ಉತ್ತರದ ಹತ್ತಿರ ಹೋಗಬೇಕು. ಕಂಪನ ಕಡಿಮೆಯಿದ್ದಾಗ ಚೆನ್ನಾಗಿ ಹೋಯಿತು. ಲೇಸರಿನ ಕಂಪನದ ಎರಡರಷ್ಟು ಬಂದಾಗ, ಅದು ಅಣುವಿನ ಒಂದು ಸ್ಥಿತಿಗೆ ತೀರ ಹತ್ತಿರವಾಗಿ, ತಿದ್ದುಪಡಿ ಚಿಕ್ಕದಾಗುವ ಬದಲು ಬೆಳೆಯತೊಡಗಿತು. ಬೆಳೆದು ಬೆಳೆದು, ಅಂಕಿಗಳಿಗೆ ಜಾಗ ಸಾಲದೆ ಪ್ರಿಂಟರು ಸಂಖ್ಯೆಯ ಬದಲು ನಕ್ಷತ್ರಗಳನ್ನು ಹೊಡೆಯುತ್ತಿತ್ತು. ಆಪರೇಟರ್ ಆ ಕಾಗದ ಹರಿದು ತೋರಿಸಿ, "ಸಾರ್, ಇವತ್ತೂ ನಿಮ್ ಮಾಲಿಕ್ಯೂಲು ಆಕಾಶಕ್ಕೆ ಹೋಯ್ತು" ಎನ್ನುತ್ತಿದ್ದರು. ಮಾರ್ಚಿನಲ್ಲಿ ಕಾರ್ಖಾನೆಯ ವರ್ಷಾಂತ್ಯದ ಲೆಕ್ಕ ಬಂದು ಭಾನುವಾರಗಳೂ ಹೋದವು. ಫೆಲೋಶಿಪ್ ನಿಂತಿತು. ವಿಜಯನಗರದಲ್ಲಿ ಒಂದು ಟ್ಯೂಟೋರಿಯಲ್ಲಿನಲ್ಲಿ ಪಿಯುಸಿಯವರಿಗೆ ಭೌತಶಾಸ್ತ್ರ ಹೇಳಿಕೊಡತೊಡಗಿದೆ. ಮಕ್ಕಳು ಬೆಳಕಿನ ಪಾಠದಲ್ಲಿ ಪ್ರಶ್ನೆ ಕೇಳಿದರೆ ಅಗತ್ಯಕ್ಕಿಂತ ಹೆಚ್ಚು ಉತ್ತರ ಕೊಡುತ್ತಿದ್ದೆ. ಮಾತಾಡಲು ಸಿಕ್ಕ ಜಾಗ ಅದೊಂದೇ.

ಮಳೆಗಾಲದ ಹೊತ್ತಿಗೆ ಭಾನುವಾರಗಳು ಮರಳಿ ಸಿಕ್ಕವು, ನಾನು ತಿದ್ದುವ ವಿಧಾನವನ್ನೇ ಬದಲಿಸಿದೆ. ಕಡೆ ಹೆಜ್ಜೆಯೊಂದನ್ನೇ ನಂಬುವ ಬದಲು, ಇಟ್ಟ ಹೆಜ್ಜೆಗಳನ್ನೆಲ್ಲ ಉಳಿಸಿಕೊಂಡು ಅವೆಲ್ಲದರ ಅತ್ಯುತ್ತಮ ಬೆರಕೆಯನ್ನು ಪ್ರತಿ ಸಲ ಹೊಸದಾಗಿ ಆರಿಸುವುದು. ನಿಧಾನ, ಆದರೆ ಓಡಿಹೋಗುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ದೊಡ್ಡ ಅಣುವಿನ ಉತ್ತರ ನಿಂತಿತು. ಮುಂದಿನ ವಾರ ತಳಸ್ಥಿತಿಯ ಚಿಹ್ನೆಯನ್ನು ಬೇಕೆಂದೇ ತಿರುಗಿಸಿ ಮತ್ತೆ ಓಡಿಸಿದೆ. ಅದೇ ಸಂಖ್ಯೆ. ಅದರ ಮುಂದಿನ ವಾರ ಹುಡುಕಾಟದ ಆರಂಭವನ್ನು ಬದಲಿಸಿದೆ. ಅದೇ ಸಂಖ್ಯೆ. ಕಂಪನ ಸೊನ್ನೆ ಮಾಡಿ ವಿದ್ಯುತ್ ಕ್ಷೇತ್ರದ ಪರೀಕ್ಷೆಗೆ ಹೋಲಿಸಿದೆ. ಹೊಂದಿತು.

ಪ್ರಯೋಗದ ಅಳತೆಗೆ ಮಾತ್ರ ಹೊಂದಲಿಲ್ಲ. ಅದಕ್ಕಿಂತ ಸಾಕಷ್ಟು ಕೆಳಗೇ ನಿಂತಿತ್ತು.

ಆಪರೇಟರ್ ಊಟಕ್ಕೆ ಹೋಗಿದ್ದರು. ಆ ಖಾಲಿ ಕಾರ್ಖಾನೆಯಲ್ಲಿ ನಾನೊಬ್ಬನೇ. ಲೇತುಗಳ ನಡುವೆ ಬರಿಗಾಲಲ್ಲಿ ಆಚೆ ತುದಿಯವರೆಗೆ ಹೋಗಿ ಬಂದೆ. ಅಂಗಾಲಿಗೆ ಲೋಹದ ಚೂರು ಚುಚ್ಚಿತು. ಯಾರಿಗಾದರೂ ಹೇಳಬೇಕೆನ್ನಿಸಿತು. ಏನೆಂದು ಹೇಳುವುದು? ತಪ್ಪು ಉತ್ತರ ಹೊಂದಿತ್ತು, ಸರಿಯಾದದ್ದು ಹೊಂದುತ್ತಿಲ್ಲ, ಅದಕ್ಕೆ ನನಗೆ ಸಂತೋಷವಾಗಿದೆ ಎಂದೇ?

ಅವರು ಊಟ ಮುಗಿಸಿ ಬಂದ ಮೇಲೆ ಹೇಳಿದೆ. "ಮುಗೀತು ಅಣ್ಣ."

"ಹೋದ್ ವರ್ಷದ್ದೇ ಬಂತಾ?"

"ಇಲ್ಲ. ಬೇರೆ."

"ಮ್ಯಾಚ್ ಆಯ್ತಾ?"

"ಇಲ್ಲ."

"ಮತ್ತೇನ್ ಮುಗೀತು ಸಾರ್!" ಎಂದು ತಲೆ ಚಚ್ಚಿಕೊಂಡರು. ಆದರೂ ಹೋಟೆಲಿಗೆ ಹೋದೆವು. ಈ ಸಲ ಅವರೇ ಕರೆದರು.

ಅಧ್ಯಾಯವನ್ನು ಹೊಂದದ ಸಂಖ್ಯೆಯೊಂದಿಗೇ ಬರೆದೆ. ಒರಟು ಮಾದರಿ, ಬಿಟ್ಟುಹೋದ ದ್ರಾವಣ, ಸಾಧ್ಯವಿರುವ ಕಾರಣಗಳೆಲ್ಲ ಬಂದವು. ಪ್ರೊಫೆಸರ್ ಓದಿ, "ಇದನ್ನ ನಂಬಬಹುದು ಕಣಯ್ಯ," ಎಂದರು. ಹಾಗೆಂದರು ಎಂದೇ ನನ್ನ ನೆನಪು.

ಪ್ರಬಂಧ ಟೈಪಾಗುತ್ತಿದ್ದಾಗ ಮತ್ತೆ ಆಯುಧಪೂಜೆ ಬಂತು. ನನ್ನ ಟೇಪುಗಳನ್ನು ತರಲು ಕಾರ್ಖಾನೆಗೆ ಹೋದೆ. ಯಂತ್ರವನ್ನು ಆಗಲೇ ನಿಲ್ಲಿಸಿದ್ದರು. ಆಪರೇಟರ್ ಕುಂಕುಮದ ಬಟ್ಟಲು ಹಿಡಿದು ನನ್ನ ಟೇಪುಗಳ ಮುಂದೆ ನಿಂತು, ಕೇಳುವವರ ಹಾಗೆ ನನ್ನ ಮುಖ ನೋಡಿದರು. ನಾನು ಬಟ್ಟಲನ್ನು ಈಸಿಕೊಂಡೆ. ಹೊಸ ವಿಧಾನದ ಮೊದಲ ಓಟದ ಸುರುಳಿಗೆ ಒಂದು ಬೊಟ್ಟು ಇಟ್ಟೆ. ಚಿಹ್ನೆ ತಿರುಗಿಸಿ ಓಡಿಸಿದ್ದಕ್ಕೆ ಎರಡು. ಆರಂಭ ಬದಲಿಸಿದ್ದಕ್ಕೆ ಮೂರು.

"ಏನ್ ಸಾರ್, ಭಕ್ತಿ ಬಂದ್ಬಿಡ್ತಾ?"

"ಗುರುತಿಗೆ ಅಣ್ಣ. ಯಾವ್ದು ಯಾವಾಗಿಂದು ಅಂತ."

"ಇಡಿ ಇಡಿ. ಯಾರ್ಗೂ ಹೇಳಲ್ಲ."

ಆ ಟೇಪುಗಳು ಈಗಲೂ ನನ್ನ ಬಳಿ ಇವೆ. ಅವನ್ನು ಓದಬಲ್ಲ ಯಂತ್ರ ನನಗೆ ತಿಳಿದಂತೆ ಈಗ ಎಲ್ಲೂ ಇಲ್ಲ. ಅವುಗಳಲ್ಲಿರುವ ಸಂಖ್ಯೆಗಳೂ ನನಗೆ ಮರೆತಿವೆ. ಇದನ್ನು ಬರೆಯುವ ಮುನ್ನ ಡಬ್ಬಿ ತೆರೆದು ನೋಡಿದೆ. ಬೊಟ್ಟುಗಳು ಕಂದಿವೆ, ಆದರೂ ಎಣಿಸಲು ಬರುತ್ತವೆ. ಒಂದು, ಎರಡು, ಮೂರು. ಹಳೆಯ ಟೇಪಿನ ಮೇಲೆ ಇನ್ನೊಬ್ಬರ ಬೆರಳಿನ ಅಚ್ಚು.